ಒಲೆಗೆ ತೊಡಿಸಿದ ಹಸಿರು ಬಳೆ

ಹೋದ ತಿಂಗಳು ಕೊಹಿನೂರು ಎಂಬ ನಮ್ಮ ಊರಿನ ಮನೆಯ ಅಡುಗೆಕೋಣೆಗೆ ಟೈಲ್ಸ್ ಹಾಕಿಸಲೆಂದು ಹಳೆಯ ಮಣ್ಣಿನ ಒಲೆಯನ್ನು ಒಡೆಸಿದೆವು. ಹೆಂಟೆಗಳ ನಡುವೆ ಒಂದು ಹಸಿರು ಗಾಜಿನ ಬಳೆ ಇಡಿಯಾಗಿ ಸಿಕ್ಕಿತು. ಎಷ್ಟು ಒರೆಸಿದರೂ ಒಂದು ಬದಿಯ ಕಪ್ಪು ಹೋಗಲಿಲ್ಲ. ಮೂಸಿದರೆ ಸುಟ್ಟ ತೊಗರಿ ಕಟ್ಟಿಗೆಯ ವಾಸನೆ...

ಹಲವು ವರ್ಷಗಳ ಹಿಂದೆ ಅದನ್ನು ಅಲ್ಲಿ ಕೂರಿಸಿದವಳು ಹತ್ತಿರದ ಊರು ಮಂಠಾಳದ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದವಳು. ಕಡಿಮೆ ಕಟ್ಟಿಗೆಯಲ್ಲಿ ಉರಿಯುವ ಒಲೆ ಕಟ್ಟುವುದನ್ನು ಯಾವುದೋ ತರಬೇತಿಯಲ್ಲಿ ಕಲಿತು, ಸುತ್ತಲಿನ ಊರುಗಳಲ್ಲಿ ಕಟ್ಟಿಕೊಡುತ್ತಿದ್ದಳು. ನನ್ನ ಅವ್ವನಿಗೆ ದಮ್ಮು. ರೊಟ್ಟಿ ಬಡಿಯಲು ಕೂತರೆ ನಾಲ್ಕನೆಯದಕ್ಕೆ ಎದ್ದು, ಅಂಗಳಕ್ಕೆ ಬಂದು ಉಸಿರೆಳೆದುಕೊಳ್ಳುತ್ತಿದ್ದಳು. ಆಯಿಯ ಒಲೆ ಬಂದ ಮೇಲೆ ಹೊಗೆ ಕೊಳವೆ ಹಿಡಿದು ಹೊರಗೆ ಹೋಯಿತು. ಎರಡು ಹೊರೆ ಕಟ್ಟಿಗೆಯ ಕೆಲಸ ಒಂದರಲ್ಲಿ ಮುಗಿಯಿತು. ಅವ್ವ ಕೂತಲ್ಲಿಂದ ಏಳದೆ ಬುಟ್ಟಿ ತುಂಬ ರೊಟ್ಟಿ ಮಾಡಿದಳು.

ಆದರೆ ಮೂರ್ನಾಲ್ಕು ತಿಂಗಳಿಗೆ ಹೊಗೆ ಮರಳಿತು, ಅದರ ಹಿಂದೆ ಕೆಮ್ಮೂ. ಆಯಿಗೆ ಹೇಳಿ ಕಳಿಸಿದೆವು.

"ನಿಮ್ಮ ಒಲಿ ನನ್ನ ಜೀವಾ ತಿನ್ನಾಕತ್ತದ್ರಿ ಆಯಿ. ನಾಳಿಗಿ ಒಡದು ಹಾಕ್ತೀನಿ," ಎಂದಳು ಅವ್ವ.

"ಒಡಿಯಾಕ ಎಷ್ಟೊತ್ತು ಬೇಕವ್ವ? ಮೊದ್ಲ ಅದಕ್ಕೇನ್ ಆಗ್ಯಾದ ಕೇಳೂಣು."

ಆಯಿ ಒಂದು ಊದಿನಕಡ್ಡಿ ಹಚ್ಚಿ ಉರಿಯುತ್ತಿದ್ದ ಒಲೆಯ ಬುಡದಲ್ಲಿ, ಗಾಳಿಗೆಂದು ಬಿಟ್ಟಿದ್ದ ತೂತಿನ ಮುಂದೆ ಹಿಡಿದಳು. ಅದರ ಹೊಗೆ ನೆಟ್ಟಗೆ ಮೇಲೇರಿತು. ಒಲೆ ಉಸಿರೆಳೆಯುತ್ತಿರಲಿಲ್ಲ. ಮುಷ್ಟಿ ತೂರುವಂತಿದ್ದ ತೂತಿನಲ್ಲಿ ಈಗ ಆಯಿಯ ಕಿರುಬೆರಳೂ ಹೋಗಲಿಲ್ಲ. ಒಲೆ ಸಾರಿಸದೆ ಅವ್ವ ಎಂದೂ ಕಡ್ಡಿ ಗೀರಿದವಳಲ್ಲ. ದಿನಕ್ಕೊಂದು ಪದರ ಸಗಣಿ ಮಣ್ಣು... ಭಕ್ತಿಯಿಂದಲೇ ಅದನ್ನು ಮುಚ್ಚಿದ್ದಳು.

ಆಯಿ ಬಯ್ಯಲಿಲ್ಲ. ಉರಿ ಆರಿಸಿ, ಕುಡುಗೋಲಿನ ತುದಿಯಿಂದ ಕೆರೆದು ತೂತು ಬಿಡಿಸಿದಳು. ಒಲೆ ಹೊತ್ತಿಸಿ ಮತ್ತೆ ಊದಿನಕಡ್ಡಿ ಹಿಡಿದಾಗ ಹೊಗೆಯ ಎಳೆ ಬಾಗಿ ಒಳಗೆ ಹೋಯಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ.

"ಒಂದು ಹಸಿರು ಬಳಿ ತಾ," ಎಂದಳು ಆಯಿ ಅವ್ವನಿಗೆ.

"ಒಲಿಗಿ ಬಳಿ ಇಡಸ್ತಾರೇನ್ರಿ ಆಯಿ?"

"ಯಾಕ, ಮನ್ಯಾಗ ಎಲ್ಲಾರಕಿಂತ ಮೊದ್ಲ ಏಳಾಕಿ ಅಕೀನೇ ಅಲ್ಲೇನು? ಸೊಸಿ ಅನ್ಕೋ."

ಅವ್ವ ಕೆಮ್ಮುತ್ತಲೇ ನಕ್ಕು, ಗೂಡಿನಿಂದ ಹೊಸ ಬಳೆ ತಂದಳು. ಆಯಿ ಅದನ್ನು ತೂತಿನ ಅಂಚಿಗೆ ಹಸಿಮಣ್ಣಿನಲ್ಲಿ ಒತ್ತಿ ಕೂರಿಸಿದಳು. ಆಕೆಯ ಕೈಗಳು ಬರಿದಾಗಿದ್ದವು. ಆದರೆ ಮುತ್ತೈದೆಯ ಬಳೆಯ ಮೇಲೆ ಸಗಣಿ ಬಳಿಯಲು ಅವ್ವನ ಕೈ ಏಳುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಗ್ಯಾಸ್ ಬರುವವರೆಗೂ ಆ ತೂತು ಮುಚ್ಚಲಿಲ್ಲ. ಆಮೇಲೆ ಆಯಿಯನ್ನು ಕರೆಸುವ ಪ್ರಸಂಗವೂ ಬರಲಿಲ್ಲ.

ಬಳೆ ಸಿಕ್ಕಿದ್ದನ್ನು ಕಂಡು ಅವ್ವ, "ಆಯಿಗಿ ತೋರಿಸಿ ಬಾ, ನಗತಾಳ," ಎಂದಳು. ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮಂಠಾಳಕ್ಕೆ ಹೋದೆ.

ಬಾಗಿಲಲ್ಲೇ ಹೊಗೆ ಎದುರಾಯಿತು. ಆಯಿಯ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಅತ್ತಿ ಹೋಗಿ ವರ್ಷಾತ್ರಿ. ರೊಟ್ಟಿಗಿ ಇನ್ನಾ ಅಕಿ ಒಲೀನೇ. ಅಕಿ ಇದ್ದಾಗ ಒಂದೀಟೂ ಹೊಗಿ ಇರಲಿಲ್ಲ. ಅಕಿ ಹಿಂದೇ ಒಲಿ ಉಸುರೂ ಹೋದಂಗ ಆಗ್ಯಾದ. ಅಕಿ ಗುರ್ತು ಅಂತ ದಿನಾ ತಪ್ಪದ ಸಾರಸ್ತೀನ್ರಿ."

ಒಲೆಯ ಮುಂದೆ ಕೂತೆ. ಬಗ್ಗಿ ನೋಡಿದೆ. ತೂತು ಇದ್ದ ಜಾಗ ಗೋಡೆಯಷ್ಟೇ ನುಣುಪಾಗಿತ್ತು. ಅಂಚಿಗೆ ಬಳೆ ಇರಲಿಲ್ಲ. ತನ್ನ ಒಲೆಯನ್ನು ತಾನೇ ಸಾರಿಸುತ್ತಿದ್ದ ಆಯಿಗೆ ಅದರ ಅಗತ್ಯ ಬಿದ್ದಿರಲಿಲ್ಲ...

ಕುಡುಗೋಲು ಕೇಳಿದೆ. ಕೆರೆದೆ. ಸೊಸೆ ಹಚ್ಚಿಕೊಟ್ಟ ಊದಿನಕಡ್ಡಿಯ ಹೊಗೆ ಮೊದಲು ತಡವರಿಸಿತು, ಆಮೇಲೆ ಬಾಗಿ ಒಳಗೆ ಹೋಯಿತು. ಮಣ್ಣು ಕಲಸಿ ಬಳೆಯನ್ನು ಅಂಚಿಗೆ ಒತ್ತಿದೆ. ಸ್ವಲ್ಪ ಸೊಟ್ಟಗೆ ಕೂತಿತು. ಆಯಿ ನೋಡಿದ್ದರೆ ತೆಗೆಸಿ ಇನ್ನೊಮ್ಮೆ ಕೂರಿಸುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. "ಬಳಿ ನೋಡಿ ಆಯಿ ಏನಂದ್ಳು?" ಎಂದು ಕೇಳಿದಳು. ನನ್ನ ಉಗುರಿನೊಳಗೆ ಇನ್ನೂ ಮಣ್ಣಿತ್ತು. ಮೊದಲು ಕೈ ತೊಳೆದುಕೊಂಡು ಬರುತ್ತೇನೆ ಎಂದೆ.