ಅಜ್ಜಿ ಮಗ್ಗದ ಕಲ್ಲು

ಇವತ್ತ ಮುಂಜಾನಿ ಗಾಳಿಗೆ ಬಾಗಲಾ ದಡಾರಂತ ಬಡಕೊಂತು. ಎದ್ದು ಅದು ಮುಚ್ಚದಂಗ ಕಲ್ಲು ಸರಿಸಿ ಅಡ್ಡ ಇಟ್ಟೆ. ಗಜೇಂದ್ರಗಡದ ನಮ್ಮ ನೇಕಾರರ ಮನಿ ನೆನಪಾತು.

ಕಾಕಾ ಹಳೇ ಕಂಪ್ಯೂಟರ್ ತಂದು ಅಜ್ಜಿ ಮಗ್ಗದ ಎದರಿಗೇ ಇಟ್ಟಿದ್ದ. ಅದರಾಗ ಕಾರ್ಟೂನ್ ಸಿನಿಮಾದ್ದೊಂದು ಗೇಮ್. ಕರಡಿ ಮತ್ತ ಅದರ ಮರಿ ಗುಹೆಯಿಂದ ಪಾರಾಗಬೇಕು. ಒಂದೇ ಕೀಬೋರ್ಡಿನ್ಯಾಗ ನಾನು ಕರಡಿ, ತಂಗಿ ಗೀತಾ ಮರಿ.

ಒಂದು ಹಾಸುಗಲ್ಲಿನ ಮ್ಯಾಲೆ ಮರಿ ನಿಂತ್ರ ಗುಹೆ ಬಾಗಲಾ ತೆರೀತಿತ್ತು, ಇಳದ್ರ ಮುಚ್ಕೊಂತಿತ್ತು. ನಾನು ದಾಟತಿದ್ದೆ, ಮರಿ ಅಲ್ಲೇ ಉಳೀತಿತ್ತು. ಪ್ರತಿ ಸಲ ಗೀತಾ ಅಳಾಕಿ.

"ಅಕ್ಕಾ, ನನ್ನ ಬಿಟ್ಟ ಹೋಗಬ್ಯಾಡ!"

ನಾ ಆಗ ಭಾಳ ಸಿಡುಕಿ. "ಆಟ ಐತಿ, ಸುಮ್ನ ನಿಂದ್ರು" ಅಂತಿದ್ದೆ.

ಒಂದಿನ ಮಗ್ಗದ ಲಾಳಿ ಸಪ್ಪಳ ನಿಂತಿತು. ನೂಲಿನ ಗಂಜಿ ವಾಸನಿ ಸಮೇತ ಅಜ್ಜಿ ನಮ್ಮ ಹಿಂದ ಬಂದ್ಲು.

"ಏನವಾ, ಕೂಸಿನ್ನ ಯಾಕ ನಿಂದ್ರಸಿದಿ? ಮಗ್ಗದ ಎಳಿ ಬಿಗಿ ಹಿಡಿಯಾಕ ನಾ ನಿನ್ನ ನಿಂದ್ರಸ್ತೀನೇನು? ಕಲ್ಲು ಕಟ್ಟೀನಿಲ್ಲೋ? ಅಲ್ಲೇ ಗುಹೆ ಮೂಲ್ಯಾಗ ಒಂದು ಕಲ್ಲು ಬಿದ್ದೈತಿ ನೋಡು, ಅದನ್ನಿಡು."

ಖರೇನ ಇತ್ತು. ಅಷ್ಟು ದಿನ ಅದನ್ನ ಬರೇ ಚಿತ್ರ ಅಂತ ತಿಳಿದಿದ್ವಿ. ದಬ್ಬಿ ಹಾಸುಗಲ್ಲಿನ ಮ್ಯಾಲೆ ತಂದಿಟ್ವಿ. ಬಾಗಲಾ ತೆರದೇ ಉಳೀತು. ಕರಡಿ, ಮರಿ ಕೂಡೇ ದಾಟಿದ್ವು. ಗೀತಾ ಅಜ್ಜಿ ಕೊರಳಿಗೆ ಜೋತಬಿದ್ಲು.

ಮಗ್ಗ ಹೋತು, ಅಜ್ಜೀನೂ ಹೋದ್ಲು. ಆಕಿ ಮಗ್ಗಕ್ಕ ಕಟ್ಟತಿದ್ದ ಕಲ್ಲ ಇದು, ಈಗ ನನ್ನ ಬಾಗಲದಾಗ ಐತಿ. ರೋಣದಿಂದ ಮಧ್ಯಾಹ್ನದ ಬಸ್ಸಿಗೆ ಗೀತಾ ಬರಾಕಿ. ಬಾಗಲಾ ತೆರದೇ ಇರ್ಲಿ.