ಇನ್ ಹಂಡ್ರೆಡ್ಸ್, ಆನ್ ಮಂಡೇಸ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುಂದಗೋಳದಿಂದ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಪತ್ರಿಕೆ ಕನ್ನಡದ್ದು. ಆದರೆ ತುರ್ತು ಸುದ್ದಿ ತಂತಿಯಲ್ಲಿ ಹೋಗಬೇಕು, ನಮ್ಮ ಅಂಚೆ ಕಚೇರಿಯ ತಂತಿ ಇಂಗ್ಲಿಷ್ ಬಿಟ್ಟು ಬೇರೇನನ್ನೂ ಒಯ್ಯುತ್ತಿರಲಿಲ್ಲ. ಹೀಗಾಗಿ ಕನ್ನಡದಲ್ಲಿ ನಡೆದದ್ದು ನನ್ನ ಕೈಯಲ್ಲಿ ಇಂಗ್ಲಿಷಾಗಿ, ಹುಬ್ಬಳ್ಳಿಯ ಮೇಜಿನ ಮೇಲೆ ಮತ್ತೆ ಕನ್ನಡವಾಗುತ್ತಿತ್ತು.

ಈ ದಾರಿಗೆ ಕೆಲವು ಸಿದ್ಧ ಮಾತುಗಳಿದ್ದವು. ಮಂದಿ ಕೂಡಿದರೆ ‘ಇನ್ ಹಂಡ್ರೆಡ್ಸ್’. ಮಂತ್ರಿ ಬಂದರೆ ಅದೇ ಮಂದಿ ‘ಇನ್ ಥೌಸಂಡ್ಸ್’. ದೊಡ್ಡವರು ತೀರಿಕೊಂಡರೆ ಊರೆಲ್ಲ ‘ಇನ್ ಟಿಯರ್ಸ್’. ಎರಡೇ ಶಬ್ದ, ತಲೆ ಎಣಿಸುವ ಗೋಜಿಲ್ಲ. ಸಂಪಾದಕರಿಗೆ ಇದು ಗೊತ್ತಿದ್ದೇ ಇರಬೇಕು. ‘ಕಣ್ಣಿಲೆ ಕಂಡದ್ದಷ್ಟ ಬರೀರಿ. ಎಲ್ಲಿ, ಎಂದು, ಯಾರು, ಇವು ಮೂರೂ ಇರಬೇಕು’ ಎಂದು ಬರೆಸಿಕೊಂಡೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.

ಒಂದು ಬೇಸಿಗೆಯಲ್ಲಿ ಸಂಶಿಯ ಆಚೆಯ ಹಳ್ಳಿಯಿಂದ ಕಾಕಾ ಬಂದರು. ದೂರದ ಸಂಬಂಧ, ಹತ್ತಿರದ ಸಲಿಗೆ. ಜೊತೆಗೆ ಮಗಳು. ಅವಳು ಮೆಟ್ರಿಕ್ ಪಾಸಾಗಿದ್ದಳು. ಅವರ ಊರಿನಿಂದ ಮೆಟ್ರಿಕ್ ಪಾಸಾದ ಮೊದಲ ಹುಡುಗಿ.

‘ಕಾಲೇಜಿಗೆ ಹೋಗತೇನಿ ಅಂತಾಳ. ಹುಬ್ಬಳ್ಳಿಗೆ ಮುಂಜಾನಿ ಬಸ್ಸಿಲ್ಲ. ಬಸ್ ಹಿಡ್ಯಾಕ ಸಂಶಿ ತನಕಾ ದಿನಾ ಒಬ್ಬಾಕಿ ನಡಕೋತ ಹೋಗೂದ ಆಗೂದಿಲ್ಲ’ ಎಂದರು ಕಾಕಾ. ‘ಊರಿಗೆ ಮುಂಜಾನಿ ಬಸ್ ಬಂದ್ರ ಕಾಲೇಜು. ಬರಲಿಲ್ಲ ಅಂದ್ರ ಲಗ್ನ. ನಾ ಮಾತ ಕೊಟ್ಟೇನಿ.’

‘ಎರಡಕ್ಕೂ ಕೊಟ್ಟಾನ್ರಿ’ ಎಂದಳು ಮಗಳು. ‘ನನಗ ಕಾಲೇಜಿಂದು, ಬೀಗರಿಗೆ ಲಗ್ನದ್ದು.’

ಕಾಕಾ ಕೇಳಿಸದವರಂತೆ ಮುಂದುವರಿದರು. ‘ಬಸ್ಸಿಲ್ಲದ ಮಂದಿ ನೂರಗಟ್ಲೆ ನಿಂತಿರತಾರ ಅಂತ ಪೇಪರಿನ್ಯಾಗ ಬರಬೇಕು. ಡಿಪೋ ಸಾಹೇಬ ದಿನಾ ಪೇಪರ್ ಓದತಾನಂತ.’

‘ನೋಡಲಾರದ ಬರ್ಯೂದಿಲ್ಲ ಕಾಕಾ.’

‘ಸೋಮವಾರ ಬಾ, ನೋಡು.’

ಸೋಮವಾರ ಯಾಕೆಂದು ನನಗೆ ಗೊತ್ತಿತ್ತು. ಅದು ಬಸವಣ್ಣನ ವಾರ. ನಮ್ಮ ಕಡೆ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಸೂಟಿ ಎಂದರೆ ಗಂಡಸರಿಗೂ ಸೂಟಿ. ಬೀಜ, ಹಗ್ಗ, ಕೋರ್ಟು, ಕಟಿಂಗು ಎಲ್ಲಕ್ಕೂ ಅವತ್ತೇ ಪೇಟೆಗೆ ಹೊರಡುತ್ತಾರೆ. ಹೋಗಿ ನೋಡಿದೆ. ಬಸ್ಸು ನಿಲ್ಲುವ ಬೇವಿನ ಕಟ್ಟೆಯ ಸುತ್ತ ಟೊಪ್ಪಿಗೆ, ರುಮಾಲು ಬಿಟ್ಟರೆ ನೆಲ ಕಾಣುತ್ತಿರಲಿಲ್ಲ. ತಂತಿ ಬರೆದೆ: ಪ್ರಯಾಣಿಕರು ಇನ್ ಹಂಡ್ರೆಡ್ಸ್, ಊರಿನ ಹೆಸರು, ಆನ್ ಮಂಡೇ. ಎಲ್ಲಿ, ಎಂದು, ಯಾರು.

ಸುದ್ದಿ ಅಚ್ಚಾಯಿತು, ಡಿಪೋ ಸಾಹೇಬರು ಓದಿದರು. ಕೆಲವೇ ದಿನಗಳಲ್ಲಿ ಪಂಚಾಯ್ತಿಗೆ ಇಂಗ್ಲಿಷಿನಲ್ಲಿ ಆದೇಶ ಬಂತು. ಊರವರನ್ನೆಲ್ಲ ಕೂಡಿಸಿ ಕಾಕಾರ ಮಗಳಿಂದ ಓದಿಸಿದರು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ‘ಮುಂಜಾನಿ ಸ್ಪೆಷಲ್ ಬಸ್ಸು, ಆನ್ ಮಂಡೇಸ್. ಬರೇ ಸೋಮವಾರಕ್ಕೊಮ್ಮೆ.’

ಮರುದಿನವೇ ಕಾಕಾ ಕುಂದಗೋಳಕ್ಕೆ ಬಂದರು, ಮಗಳೂ ಬಂದಳು. ‘ಸೋಮವಾರ ಅಂತ ಯಾಕ ಬರದಿ?’

‘ಸೋಮವಾರ ನೋಡಿದೆ, ಸೋಮವಾರ ಅಂತ ಬರದೆ.’

‘ಸೋಮವಾರ ಕರದಾವ ನೀನ ಅಲ್ಲೇನ ಅಪ್ಪಾ’ ಎಂದಳು ಮಗಳು.

ಮೂವರೂ ಡಿಪೋಕ್ಕೆ ಹೋದೆವು. ಸಾಹೇಬರು ಮೈಸೂರು ಕಡೆಯವರು. ಸೋಮವಾರಕ್ಕೂ ಎತ್ತಿಗೂ ಏನು ಸಂಬಂಧ ಎಂಬುದನ್ನು ಕಾಕಾ ವಿವರಿಸುವಾಗ ಬಹಳ ವಿನಯದಿಂದ ಕೇಳಿದರು. ಆಮೇಲೆ ಹೇಳಿದರು, ‘ನೋಡಿ ಯಜಮಾನ್ರೇ, ಎತ್ತು ಬಸ್ ಹತ್ತಲ್ಲ. ಬೇರೆ ದಿನ ಜನ ಇದಾರಾ? ನಾನೇ ಬಂದು ನೋಡ್ತೀನಿ. ಯಾವತ್ತು ಅಂತ ಹೇಳಲ್ಲ.’

ಹೊರಗೆ ಬಂದ ಕಾಕಾ ಬೀಡಿ ಹಚ್ಚಿದರು. ‘ಮುಗೀತು. ಮುಂಗಾರಿ ಹೊತ್ತಿನ್ಯಾಗ ಹೊಲ ಬಿಟ್ಟು ಯಾವ ಗಂಡಸ ಬರತಾನ?’ ಅವರ ದನಿಯಲ್ಲಿ ದುಃಖ ಎಷ್ಟು, ಬೀಗರ ಮುಂದೆ ಮಾತು ಉಳಿಯಿತೆಂಬ ಸಮಾಧಾನ ಎಷ್ಟು ಎಂದು ನನಗೆ ತಿಳಿಯಲಿಲ್ಲ.

‘ಗಂಡಸರ ಯಾಕ ಬೇಕು?’ ಎಂದಳು ಮಗಳು.

ಬಿತ್ತುವ ಮುಂಚೆ ಶೇಂಗಾ ಸುಲಿದು ಬೀಜ ಮಾಡುವುದು ಹೆಂಗಸರ ಕೆಲಸ. ಮನೆಮನೆಯ ಕಟ್ಟೆಯ ಮೇಲೆ ಗುಂಪು ಕೂಡಿ ಸುಲಿಯುತ್ತ, ಊರಿನ ವಿಚಾರಣೆ ನಡೆಸುತ್ತಾರೆ. ಹುಡುಗಿ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದಳು, ‘ಬೇವಿನ ಕಟ್ಟಿಗೆ ಬರ್ರಿ. ನೆರಳೂ ಐತಿ, ಎಲ್ಲಾರ ಸುದ್ದೀನೂ ಒಂದ ಕಡೆ ಸಿಗತೈತಿ.’ ನೆರಳಿಗೆ ಎಷ್ಟು ಮಂದಿ ಬಂದರೋ ಗೊತ್ತಿಲ್ಲ. ಸುದ್ದಿಗೆ ಇಡೀ ಊರೇ ಬಂತು.

ನಾನೂ ಆಗಾಗ ಹೋಗಿ ಬರುತ್ತಿದ್ದೆ. ಸಾಹೇಬರ ಜೀಪು ಬಂದದ್ದು ಒಂದು ಬುಧವಾರ, ಅವತ್ತು ನಾನು ಅಲ್ಲೇ ಇದ್ದೆ. ಅವರು ಇಳಿದು ನಿಂತರು. ಬಸ್ಸು ನಿಲ್ಲುವ ಜಾಗದ ತುಂಬ ಹೆಂಗಸರು, ಮೊರ, ಬುಟ್ಟಿ, ಮಕ್ಕಳು.

‘ಎಲ್ಲಿಗಮ್ಮ ಹೊರಟಿದೀರಿ ಎಲ್ಲಾ?’

ಒಬ್ಬ ಮುದುಕಿ ತಲೆ ಎತ್ತದೆ ಹೇಳಿದಳು, ‘ಬಸ್ ಬಂದ್ರ ಹುಬ್ಬಳ್ಳಿಗೆ ಹೋಗತೇವ್ರಿ. ಬರಲಿಲ್ಲಂದ್ರ ಶೇಂಗಾ ಸುಲೀತೇವ್ರಿ.’

‘ದಿನಾ ಹೀಗೇನಾ?’

‘ದಿನಾ ಸುಲಿಯಾಕ ಹತ್ತೇವಲ್ರಿ. ಬಸ್ ಎಲ್ಲಿ ಬಂತು?’

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಾಹೇಬರು ನನ್ನತ್ತ ತಿರುಗಿದರು. ‘ಇದನ್ನ ಯಾಕೆ ಬರೀಲಿಲ್ಲ ನೀವು?’ ಅವತ್ತೇ ಬರೆದೆ: ಹೆಂಗಸರು ಇನ್ ಹಂಡ್ರೆಡ್ಸ್, ಆನ್ ವೆಡ್ನೆಸ್‌ಡೇ. ಬಸ್ಸಿಗಾಗಿ ಎಂದು ಬರೆಯಲಿಲ್ಲ, ಕಟ್ಟೆಯ ಮೇಲೆ ಎಂದು ಬರೆದೆ. ಹುಬ್ಬಳ್ಳಿಯ ಮೇಜಿನವರು ‘ಬಸ್ಸಿಗಾಗಿ ಕಾದ ನೂರಾರು ಮಹಿಳೆಯರು’ ಎಂದು ತಲೆಬರಹ ಕೊಟ್ಟರು. ಅದು ಅವರ ಕನ್ನಡ.

ದಿನದ ಬಸ್ಸು ಮಂಜೂರಾಯಿತು. ಮೊದಲ ದಿನ ಸಾಹೇಬರು ತಾವೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದರು. ಇದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಕಟ್ಟೆಯ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ಬಾಗಿಲಲ್ಲಿ ನಿಂತು, ‘ಬನ್ನಿ, ಬನ್ನಿ, ಹತ್ತಿ’ ಎಂದರು.

‘ಹತ್ರಿ ಇನ್ನ’ ಎಂದಳು ಆ ಮುದುಕಿ. ‘ಹೋಗತೇವಿ ಅಂದೇನಿ. ಮಾತ ತಪ್ಪಾಕ ನಾವೇನ ಗಂಡಸರೇನ?’

ಮೊರ, ಬುಟ್ಟಿ, ಕೂಸು ಸಮೇತ ಎಲ್ಲರೂ ಹತ್ತಿದರು. ಬಸ್ಸು ತುಂಬಿ ತುಳುಕಿತು. ಕಾಲೇಜಿನ ಚೀಲ ಹಿಡಿದ ಹುಡುಗಿ ಕೊನೆಗೆ ಉಳಿದಳು. ಮೆಟ್ಟಿಲ ಮೇಲೆ ಹೇಗೋ ಎರಡು ಕಾಲಿಗೆ ಜಾಗ ಸಿಕ್ಕಿತು. ಕಾಕಾ ಒಳಗೆ ಇಣುಕಿದರು. ಮುಖದಲ್ಲಿ ಸಣ್ಣ ಆಸೆ ಮೂಡಿತು.

‘ಕೂಡಾಕ ಜಾಗಾನ ಇಲ್ಲಲ್ಲವಾ. ಹುಬ್ಬಳ್ಳಿ ತನಕಾ ನಿಂತ ಹೋಗತಿ ಏನು? ಇಳದ ಬಿಡು.’

‘ಬಸ್ ಬರಬೇಕು ಅಂದಿದ್ದಿ ಅಪ್ಪಾ. ಸೀಟ್ ಬೇಕು ಅಂತ ಅಂದಿರಲಿಲ್ಲ.’

ಕಾಕಾ ನನ್ನ ಕಡೆ ನೋಡಿದರು. ಆ ಮಾತು ಅವರು ಆಡಿದ್ದು ನನ್ನೆದುರಿಗೇ, ಹೀಗಾಗಿ ನಾನು ಬೇವಿನ ಮರ ನೋಡುತ್ತ ನಿಂತೆ. ಒಳಗಿನಿಂದ ಮುದುಕಿ ಕೈಚಾಚಿ ಹುಡುಗಿಯ ಚೀಲ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಶೇಂಗಾ ತುಂಬಿದ ಮೊರವನ್ನು ಅವಳ ಕೈಗೆ ಕೊಟ್ಟಳು.

‘ನಿಂತೇ ಅದೀ ಅಂದಮ್ಯಾಲ ಇದನ್ನ ಹಿಡಿ. ಚೆಲ್ಲಬ್ಯಾಡ, ಬಿತ್ತೂ ಬೀಜ ಐತಿ.’

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.