ವೆಂಕಟರವಣಪ್ಪ ತೆಗೆದ ಪಂಕ್ತಿಯ ಪಟ

ಗೌರಿಬಿದನೂರಿನ ಕಡೆಯ ಜಮೀನುದಾರರ ಮನೆಯಲ್ಲಿ ಹುಟ್ಟಿದ ವೆಂಕಟರವಣಪ್ಪ ಬೇಸಾಯ ಬಿಟ್ಟು ಕ್ಯಾಮೆರಾ ಹಿಡಿದಾಗ ಅವನಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದ. 'ಕರೀ ಬಟ್ಟೆ ಹೊದ್ಕೊಂಡು ಬಗ್ಗಿ ನಿಂತ್ಕೊಳ್ಳೋದೂ ಒಂದು ಕಸುಬೇನೋ?' ಎಂಬುದು ಮಾತು ಬಿಡುವ ಮುಂಚೆ ಆತ ಆಡಿದ ಕೊನೆಯ ಮಾತು. ಮಗ ಶಿಡ್ಲಘಟ್ಟಕ್ಕೆ ಬಂದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸ್ಟುಡಿಯೋ ತೆರೆದ. ಊರಿನ ಮದುವೆಗಳು ಅವನ ಅನ್ನವಾದವು.

ಪಟ ತೆಗೆಯುವಾಗ ಅವನದೊಂದು ಪದ್ಧತಿ ಇತ್ತು. ಎದುರಿಗಿದ್ದವರು ಯಾರೇ ಆಗಲಿ, ಹೆಸರು ಕೇಳಿಕೊಂಡು 'ಅವರೇ' ಸೇರಿಸಿಯೇ ಕರೆಯುತ್ತಿದ್ದ. ಸೌದೆ ಹೊರುವವನೂ ಅವನ ಕ್ಯಾಮೆರಾದ ಮುಂದೆ ಬಯ್ಯಪ್ಪನವರೇ. 'ಇವನು ಎಮ್ಮೆ ಪಟ ತೆಗೆದ್ರೂ ಎಮ್ಮೆಯವರೇ ಅಂತಾನೆ ಕಣ್ರೋ' ಎಂದು ಊರವರು ನಗುತ್ತಿದ್ದರು. ನಗಲಿ. ಮನುಷ್ಯರನ್ನು ಎಮ್ಮೆಗಿಂತ ಕಡೆಯಾಗಿ ಕೂಗಿಯೇ ಅಭ್ಯಾಸವಿದ್ದ ಊರು ಅದು.

ಅರವತ್ತಮೂರನೆಯ ಇಸವಿಯಲ್ಲಿ ಜಪಾನಿನ ರೇಷ್ಮೆ ಪರಿಣತರಿಬ್ಬರು ಊರಿಗೆ ಬಂದರು. ರೇಷ್ಮೆ ನೂಲು ತೆಗೆಯುವ ದೊಡ್ಡ ಕಾರ್ಖಾನೆಯ ಯಜಮಾನ ಚೆನ್ನರಾಯಪ್ಪ ಅವರಿಗೆ ಹೋಳಿಗೆ ಊಟದ ಏರ್ಪಾಡು ಮಾಡಿ, ಪಟಕ್ಕೆ ವೆಂಕಟರವಣಪ್ಪನಿಗೆ ಹೇಳಿಕಳಿಸಿದ. ಮುಂದಿನ ತಿಂಗಳು ಚೆನ್ನರಾಯಪ್ಪನ ಮಗಳ ಮದುವೆ. ಅದರ ಪಟದ ಕೆಲಸವೂ ಇವನಿಗೇ ಎಂದು ಮಾತಾಗಿತ್ತು.

ಬೆಳಿಗ್ಗೆ ಅತಿಥಿಗಳು ಕಾರ್ಖಾನೆ ಸುತ್ತಿದರು. ಇಬ್ಬರಲ್ಲಿ ಹಿರಿಯನಾದ ಮೊರಿಶಿತ, ಗಂಗುಲಮ್ಮನ ಬಾಣಲೆಯ ಹತ್ತಿರ ಬಹಳ ಹೊತ್ತು ನಿಂತ. ಊರಾಚೆಯ ಕೇರಿಯ ಹೆಂಗಸು. ಕುದಿಯುವ ನೀರಿನಲ್ಲಿದ್ದ ರೇಷ್ಮೆಗೂಡುಗಳಿಂದ ಎಳೆ ತೆಗೆದು ತೆಗೆದು ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಮೊರಿಶಿತ ಆಕೆಗೆ ಸೊಂಟ ಬಗ್ಗಿಸಿ ವಂದಿಸಿದ.

'ಅಯ್ಯೋ, ನಂಗ್ಯಾಕಪ್ಪ! ಯಜಮಾನ್ರಿಗೆ ಮಾಡು, ಆವಾಗ್ಲಿಂದ ಕಾಯ್ತಾವ್ರೆ' ಎಂದಳು ಗಂಗುಲಮ್ಮ. ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಮಧ್ಯಾಹ್ನ ಅಂಗಳದ ಚಪ್ಪರದಡಿ ಎಲೆ ಹಾಕಿದರು. ವ್ಯಾಪಾರಿಗಳು, ಅಧಿಕಾರಿಗಳು, ನಡುವೆ ಅತಿಥಿಗಳು. ಎಲ್ಲಾ ಬಡಿಸಿಯಾದ ಮೇಲೆ ಪಟ, ಆಮೇಲೆ ಗೋವಿಂದ, ಅಲ್ಲಿಯವರೆಗೆ ಯಾರೂ ಎಲೆ ಮುಟ್ಟಬಾರದು ಎಂದು ಚೆನ್ನರಾಯಪ್ಪನ ಕಟ್ಟಪ್ಪಣೆ. ಮೊರಿಶಿತ ಜೇಬಿನಿಂದ ಮರದ ಎರಡು ಕಡ್ಡಿ ತೆಗೆದು ಸಿದ್ಧನಾದ. 'ಹೋಳಿಗೇನ ಕಡ್ಡೀಲಿ ಎತ್ತೋದನ್ನ ನೋಡ್ದೆ ನಾನು ಮನೇಗೆ ಹೋಗಲ್ಲ' ಎಂದ ಒಬ್ಬ ವ್ಯಾಪಾರಿ.

ಮೊರಿಶಿತ ದುಭಾಷಿಯ ಕಡೆ ತಿರುಗಿ ಏನೋ ಕೇಳಿದ. 'ಬೆಳಿಗ್ಗೆ ನೂಲು ತೆಗೀತಿದ್ದ ಆ ತಾಯಿ ಎಲ್ಲಿ, ಅವರು ಊಟಕ್ಕೆ ಬರಲ್ವಾ ಅಂತಾರೆ' ಎಂದ ದುಭಾಷಿ.

'ಅವರದ್ದು ಆಗಲೇ ಊಟ ಆಯ್ತು ಅಂತ ಹೇಳಿ' ಎಂದ ಚೆನ್ನರಾಯಪ್ಪ, ಕಣ್ಣು ಮಿಟುಕಿಸದೆ.

ಸುಳ್ಳು. ಕ್ಯಾಮೆರಾ ಹೂಡುವಾಗಲೇ ವೆಂಕಟರವಣಪ್ಪ ನೋಡಿದ್ದ: ಹಿತ್ತಲ ಗೋಡೆಯ ಪಕ್ಕ ಗಂಗುಲಮ್ಮ ಮತ್ತು ಜೊತೆಯವರು ಅಲ್ಯುಮಿನಿಯಂ ತಟ್ಟೆ ಹಿಡಿದು ನಿಂತಿದ್ದರು. ಪಂಕ್ತಿ ಎದ್ದ ಮೇಲೆ ಮಿಕ್ಕಿದ್ದನ್ನು ಅವರ ತಟ್ಟೆಗೆ ಎತ್ತರದಿಂದ ಸುರಿಯುವುದು ರೂಢಿ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನಾಗಿ ಎಂಟು ವರ್ಷವಾಗಿತ್ತು. ಆ ಕಾನೂನು ಓದಿದ ಅಧಿಕಾರಿಗಳೇ ಆ ಪಂಕ್ತಿಯಲ್ಲಿ ಕೂತು ಹೋಳಿಗೆಯ ಮೇಲಿನ ತುಪ್ಪ ನೋಡುತ್ತಿದ್ದರು.

ವೆಂಕಟರವಣಪ್ಪ ಕರೀಬಟ್ಟೆಯಿಂದ ತಲೆ ಹೊರಗೆ ತೆಗೆದ. 'ಯಜಮಾನ್ರೆ, ಗಂಗುಲಮ್ಮನವರದ್ದು ಊಟ ಆಗಿಲ್ಲ. ಹಿತ್ತಲಲ್ಲಿ ನಿಂತವ್ರೆ.'

'ಏಮಪ್ಪಾ ಇದಿ!' ಎಂದು ವ್ಯಾಪಾರಿಯೊಬ್ಬ ತೆಲುಗಿನಲ್ಲಿ ಗೊಣಗಿದ. ಚೆನ್ನರಾಯಪ್ಪ ಎದ್ದು ಬಂದು ಕಿವಿಯ ಹತ್ತಿರ ಹಲ್ಲು ಕಡಿದ: 'ನಿನ್ ಕೆಲಸ ನೋಡ್ಕೋ. ಮಗಳ ಮದುವೆ ಮುಂದೈತೆ, ನೆನಪಿರ್ಲಿ.'

'ನನ್ ಕೆಲಸಾನೇ ನೋಡ್ತಿದೀನಿ. ಅವರು ಬಂದು ಕೂರೋವರ್ಗೂ ಲೆನ್ಸಿನ ಮುಚ್ಚಳ ತೆಗೆಯಲ್ಲ.'

ಸಾರು ಆರತೊಡಗಿತು. ಎಲೆ ಮುಟ್ಟಬಾರದೆಂದು ಹೇಳಿದವನು ಯಜಮಾನನೇ. ಅತಿಥಿಗಳ ಮುಂದೆ ಮಾತು ಬದಲಿಸುವಂತಿಲ್ಲ. ಚೆನ್ನರಾಯಪ್ಪ ಉಪಾಯ ಹೂಡಿದ: 'ಸರಿ, ಪಟಕ್ಕೆ ಮಾತ್ರ ಕೂರ್ಲಿ. ಮುಗಿದ ತಕ್ಷಣ ಎದ್ದೋಗ್ಲಿ.'

ಗೆದ್ದೆ ಎಂದುಕೊಂಡು ವೆಂಕಟರವಣಪ್ಪ ಹಿತ್ತಲಿಗೆ ಓಡಿದ. ಒಳ್ಳೆಯವರು ಎಡವುವುದೇ ಇಂಥ ಕಡೆ. ಗಂಗುಲಮ್ಮ ಕೇಳಿಸಿಕೊಂಡು ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡಳು.

'ಕೂತು ಎದ್ದು ಬರ್ಬೇಕಾ? ಬಡಿಸಿದ ಎಲೆ ಮುಂದಿಂದ ಹಗೆಯವ್ನನ್ನೂ ಯಾರೂ ಎಬ್ಬಿಸಲ್ಲ ಕಣಪ್ಪ. ಕೂತ್ರೆ ಉಣ್ತೀನಿ. ಇಲ್ದಿದ್ರೆ ನಂಗೆ ನಿನ್ ಪಟಾನೂ ಬ್ಯಾಡ, ನಿನ್ ಉಪಕಾರಾನೂ ಬ್ಯಾಡ.'

ಅವನ ಮುಖ ಕೆಂಪಾಯಿತು. ತನ್ನನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಅದೇ ಅವನ ದೊಡ್ಡ ಗುಣ. 'ತಪ್ಪಾಯ್ತು ತಾಯಿ. ಬನ್ನಿ, ಉಣ್ಣೋಕೇ ಬನ್ನಿ' ಎಂದ.

ಜೊತೆಯವರು ಹೆದರಿ ಗೋಡೆ ಬಿಟ್ಟು ಕದಲಲಿಲ್ಲ, ಗಂಗುಲಮ್ಮ ಬಂದಳು. ಮೊರಿಶಿತ ಸರಿದು ತನ್ನ ಚಾಪೆಯಲ್ಲಿ ಜಾಗ ಮಾಡಿದ. ಬಡಿಸುವವರು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಎಲೆ ಹಾಕಿ ಬಡಿಸಿದರು. ವೆಂಕಟರವಣಪ್ಪ ಕ್ಯಾಮೆರಾದ ಹಿಂದೆ ನಿಂತು ದನಿ ಏರಿಸಿದ:

'ಇದು ಊಟದ ಪಟ, ಪೂಜೆ ಪಟ ಅಲ್ಲ. ಎಲ್ಲರೂ ಅನ್ನ ಕಲಸ್ಕೊಂಡು ಕೈ ಎಲೆ ಮೇಲೇ ಇಟ್ಕೊಳಿ. ಚೆನ್ನರಾಯಪ್ಪನವರೇ, ಮುಖ ಸ್ವಲ್ಪ ಸಡಿಲ ಮಾಡಿ. ಗಂಗುಲಮ್ಮನವರೇ, ಗಲ್ಲ ಎತ್ತಿ. ಅಲ್ಲಾಡ್ಬೇಡಿ!'

ಮುಚ್ಚಳ ತೆಗೆದು, ಮತ್ತೆ ಮುಚ್ಚಿದ. ಚೆನ್ನರಾಯಪ್ಪ ಗಂಗುಲಮ್ಮನಿಗೆ ಏಳು ಎಂದು ಕಣ್ಸನ್ನೆ ಮಾಡುವ ಮೊದಲೇ, ವೆಂಕಟರವಣಪ್ಪನೇ ಗಂಟಲು ಬಿಚ್ಚಿ ಕೂಗಿದ: 'ಭೋಜನಕಾಲೇ...'

'ಗೋವಿಂದಾ... ಗೋವಿಂದ!' ಅಭ್ಯಾಸಬಲದಿಂದ ಇಡೀ ಪಂಕ್ತಿ ಕೂಗಿಬಿಟ್ಟಿತು. ಗೋವಿಂದ ಎಂದಾದ ಮೇಲೆ, ಕೈ ಅನ್ನದಲ್ಲಿದ್ದವರನ್ನು ಎಬ್ಬಿಸುವ ಎದೆ ಯಾರಿಗಿದೆ? ಗಂಗುಲಮ್ಮ ಮೊದಲ ತುತ್ತು ಬಾಯಿಗಿಟ್ಟಳು. ವ್ಯಾಪಾರಿಗಳಿಬ್ಬರು ಎಲೆ ಬಿಟ್ಟು ಎದ್ದು ಹೋದರು. ಆಕೆ ತಲೆ ಎತ್ತಲೂ ಇಲ್ಲ, 'ಇನ್ನೊಂದ್ ಸೌಟು ಸಾರು ಹಾಕಪ್ಪ' ಎಂದಳು. ಕಡ್ಡಿಯಿಂದ ಹೋಳಿಗೆ ಜಾರಿ ಜಾರಿ ಸೋತಿದ್ದ ಮೊರಿಶಿತನಿಗೆ, ತನ್ನದನ್ನು ಕೈಯಿಂದ ಹರಿದು ತುಪ್ಪಕ್ಕೆ ಅದ್ದುವುದನ್ನು ತೋರಿಸಿಕೊಟ್ಟಳು.

ಮಾರನೆಯ ದಿನ ಚೆನ್ನರಾಯಪ್ಪ ಸ್ಟುಡಿಯೋಕ್ಕೆ ಬಂದ. ಗಾಜಿನ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸುವುದರಲ್ಲಿ ವೆಂಕಟರವಣಪ್ಪ ಪಳಗಿದ ಕೈ.

'ಹೆಣ್ಣುಮಕ್ಕಳ ಸಿಡುಬಿನ ಕಲೆ ಅಳಿಸ್ತೀಯಲ್ಲ, ಹಂಗೇ ಇದನ್ನೂ ಅಳಿಸ್ಬಿಡು. ಪಟ ಪೇಪರಿಗೆ ಹೋಗ್ಬೇಕು.'

'ಇದು ಕಲೆ ಅಲ್ಲ ಯಜಮಾನ್ರೆ, ಗಂಗುಲಮ್ಮನವರು.'

ಪಟ ಪೇಪರಿಗೆ ಹೋಗಲಿಲ್ಲ. ಮಗಳ ಮದುವೆಗೆ ಚಿಂತಾಮಣಿಯಿಂದ ಬೇರೆ ಫೋಟೊಗ್ರಾಫರ್ ಬಂದ. ಅದರ ಹಿಂದೆಯೇ ಉಳಿದ ವ್ಯಾಪಾರಿಗಳ ಮದುವೆಗಳೂ ಆ ಕಡೆಗೇ ಹೋದವು. ಹೆಂಡತಿ ಅಶ್ವತ್ಥಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ಒಂದು ಬೆಳಿಗ್ಗೆ, 'ಇಷ್ಟು ಕಳ್ಕೊಂಡು ತೆಗೆದ ಪಟಾನ ಒಳಗ್ಯಾಕೆ ಬಚ್ಚಿಟ್ಟಿದೀರಿ? ನಾವೇನು ಕದ್ದಿದೀವಾ?' ಎಂದು ತಾನೇ ಅದನ್ನು ಬೀದಿಗೆ ಕಾಣುವ ಗಾಜಿನ ಪೆಟ್ಟಿಗೆಯಲ್ಲಿಟ್ಟಳು.

ಸಂಜೆ ಕೆಲಸ ಮುಗಿಸಿ ಕೇರಿಯ ಹೆಂಗಸರು ಬಂದು ನೋಡಿದರು. 'ಯಜಮಾನ್ರ ಮುಖ ನೋಡ್ರೇ, ಬೇವು ಅಗಿದಂಗೈತೆ' ಎಂದು ಬಿದ್ದು ಬಿದ್ದು ನಕ್ಕರು. ಗಂಗುಲಮ್ಮ ನಗಲಿಲ್ಲ. ಮರುದಿನ ಅತ್ತೆ ಚಿಕ್ಕವೆಂಕಟಮ್ಮನನ್ನು ಕರೆದುಕೊಂಡು ಒಳಗೇ ಬಂದಳು. ಮುದುಕಿ ಜನ್ಮದಲ್ಲಿ ಪಟ ತೆಗೆಸಿಕೊಂಡವಳಲ್ಲ. ಊರ ದೊಡ್ಡವರು ಕೂರುತ್ತಿದ್ದ ಕೆತ್ತನೆಯ ಕುರ್ಚಿ ಪರದೆಯ ಮುಂದಿತ್ತು. ವೆಂಕಟರವಣಪ್ಪ ಕೂರಿ ಎನ್ನುವುದಕ್ಕೆ ಮುಂಚೆಯೇ ಮುದುಕಿ ಸೀದಾ ಹೋಗಿ ಅದರಲ್ಲಿ ಕೂತು, ಸೀರೆ ಸರಿಮಾಡಿಕೊಂಡಳು.

'ಬೇಗ ತೆಗಿಯಪ್ಪ' ಎಂದಳು. 'ಮನೇಲಿ ಮುದ್ದೆ ಆರ್ತೈತೆ.'